ಖಾತ್ರಿ ಯಾರಿಗೆ? — ವಿಜಾಪುರದ ನಾಲ್ಕು ತಾಲೂಕುಗಳಲ್ಲಿ ಸರಕಾರಿ ಉದ್ದಿಮೆಯ ಚರಿತ್ರೆ

ಸರಕಾರದ ಉದ್ದಿಮೆ ಅಂದರೆ ಜನರ ಉದ್ದಿಮೆ ಎಂದು ನಮ್ಮ ಸಾಲೆಯ ಪುಸ್ತಕಗಳು ಹೇಳಿದವು. ಸರಕಾರದ ಉದ್ದಿಮೆ ಅಂದರೆ ಲುಕ್ಸಾನಿನ ಉದ್ದಿಮೆ, ಮಾರಿ ಕೈತೊಳಕೊಳ್ಳಿ ಎಂದು ಇವತ್ತಿನ ಪಂಡಿತರು ಹೇಳುತ್ತಿದ್ದಾರೆ. ಎರಡೂ ಮಾತಿನಲ್ಲಿ ಒಂದು ಪ್ರಶ್ನೆ ಮರೆಯಾಗಿದೆ. ಜನ ಅಂದರೆ ಯಾವ ಜನ? ಲುಕ್ಸಾನು ಅಂದರೆ ಯಾರಿಗಾದ ಲುಕ್ಸಾನು?

ಈ ಪ್ರಶ್ನೆಯನ್ನು ದಿಲ್ಲಿಯಲ್ಲಿ ಕೂತು ಕೇಳುವುದು ಬೇಡ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ನಿಂತು ಕೇಳೋಣ. ಒಂದು ಬದಿಗೆ ಭೀಮೆ, ಇನ್ನೊಂದು ಬದಿಗೆ ಕೃಷ್ಣೆ. ನಡುವೆ ಮಳೆಗಾಗಿ ಬಾಯಿಬಿಟ್ಟು ಕೂತ ಎರೆಭೂಮಿ. ಈ ನೆಲಕ್ಕೆ ದೊಡ್ಡದು ಅನ್ನುವಂಥದ್ದು ಏನಾದರೂ ಬಂದಿದ್ದರೆ ಅದು ಹೆಚ್ಚಾಗಿ ಸರಕಾರದ ಹೆಸರಿನಲ್ಲೇ ಬಂದಿದೆ. ರೈಲು ಬಂತು, ಬಸ್ಸು ಬಂತು, ಅಣೆಕಟ್ಟು ಬಂತು, ಕೊನೆಗೆ ಕಲ್ಲಿದ್ದಲು ಸುಡುವ ಸ್ಥಾವರ ಬಂತು. ಪ್ರತಿ ಸಲವೂ ಸರಕಾರ ಯಾರಿಗೋ ಒಬ್ಬರಿಗೆ ಖಾತ್ರಿ ಕೊಟ್ಟಿತು. ಆ ಖಾತ್ರಿ ಯಾರಿಗೆ ಸಿಕ್ಕಿತು, ಯಾರ ಕೈ ತಪ್ಪಿತು ಎಂಬುದೇ ಈ ಉದ್ದಿಮೆಗಳ ನಿಜವಾದ ಚರಿತ್ರೆ.

ಮೊದಲು ರೈಲಿನ ಸುದ್ದಿ. 1876ರಿಂದ 78ರವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ ದಖ್ಖನಿನ ಮೇಲೆ ಭಯಂಕರ ಬರ ಬಿತ್ತು. ಆಗ ಈ ಭಾಗ ಮುಂಬಯಿ ಪ್ರಾಂತದಲ್ಲಿತ್ತು. ಹಸಿದವರಿಗೆ ಪುಕ್ಕಟೆ ಅನ್ನ ಹಾಕಿದರೆ ಜನ ಸೋಮಾರಿಗಳಾಗುತ್ತಾರೆ ಎಂದು ಬ್ರಿಟಿಷ್ ಪ್ರಭುತ್ವ ನಂಬಿತ್ತು. ಆದ್ದರಿಂದ ಬರ ಪರಿಹಾರವೆಂದರೆ ಕಲ್ಲು ಒಡೆಯುವುದು, ಮಣ್ಣು ಹೊರುವುದು. ಪರಿಹಾರದ ಉಸ್ತುವಾರಿಗೆ ಬಂದ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರಲ್ಲಿ ಕೂಲಿಯನ್ನೂ ಇಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆ. ಮುಂಬಯಿ ಪ್ರಾಂತದಲ್ಲಿ ಸಾವಿರಾರು ಕೂಲಿಕಾರರು ಕಾಮಗಾರಿ ಬಿಟ್ಟು ಎದ್ದು ನಡೆದರು. ಹಸಿದು ಸಾಯುತ್ತಿದ್ದವರು ಮಾಡಿದ ಆ ಮುಷ್ಕರದ ಸುದ್ದಿ ನಮ್ಮ ಪಠ್ಯಪುಸ್ತಕಗಳಲ್ಲಿ ಬರುವುದು ಅಪರೂಪ.

ಬರ ಮುಗಿದ ಮೇಲೆ ಹೋಟಗಿಯಿಂದ ವಿಜಾಪುರದ ಮೇಲೆ ಹಾದು ಗದಗಕ್ಕೆ ಹೋಗುವ ರೈಲುಮಾರ್ಗ 1884ರ ಹೊತ್ತಿಗೆ ತಯಾರಾಯಿತು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್, ಆಲಮಟ್ಟಿ ಇವೆಲ್ಲ ಆ ಮಾರ್ಗದ ನಿಲ್ದಾಣಗಳು. ಮತ್ತೆ ಬರ ಬಂದರೆ ಧಾನ್ಯ ಸಾಗಿಸಲಿಕ್ಕೆ ಇಂಥ ಮಾರ್ಗ ಬೇಕು ಎಂಬುದು ಸರಕಾರದ ವಾದ. ಅದನ್ನು ನಡೆಸಲು ಮುಂದೆ ಬಂದದ್ದು ಲಂಡನ್ನಿನಲ್ಲಿ 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ. ಆ ಕಂಪನಿಯ ಷೇರುದಾರರಿಗೆ ಸರಕಾರ ಬಡ್ಡಿಯ ಖಾತ್ರಿ ಕೊಟ್ಟಿತ್ತು. ರೈಲು ಗಳಿಸಲಿ ಗಳಿಸದಿರಲಿ, ಲಂಡನ್ನಿನ ಷೇರುದಾರನಿಗೆ ಬರಬೇಕಾದದ್ದು ಬರಬೇಕು. ಕಡಿಮೆ ಬಿದ್ದರೆ ಬೊಕ್ಕಸ ತುಂಬಿಕೊಡಬೇಕು. ಬೊಕ್ಕಸ ಅಂದರೆ ಏನು? ರೈತ ಕಟ್ಟಿದ ಕಂದಾಯ, ಕೂಲಿಯವ ಕೊಂಡ ಉಪ್ಪಿನ ಮೇಲಿನ ತೆರಿಗೆ.

ನೋಡಿ ಹೇಗಿದೆ ಹಂಚಿಕೆ. ಬಂಡವಾಳದವನಿಗೆ ಬಡ್ಡಿಯ ಖಾತ್ರಿ. ಮಣ್ಣು ಹೊತ್ತವನಿಗೆ ಒಂದು ಪೌಂಡು ಧಾನ್ಯ, ಅದೂ ನಾಳೆಗೆ ಉಂಟೋ ಇಲ್ಲವೋ ಗೊತ್ತಿಲ್ಲ. ಸರಕಾರ ಮತ್ತು ಉದ್ದಿಮೆ ಕೈಕೈ ಹಿಡಿದ ಕಥೆ ನಮ್ಮಲ್ಲಿ ಶುರುವಾದದ್ದು ಹೀಗೆ. ಇದನ್ನು ಮರೆತು ಸ್ವಾತಂತ್ರ್ಯದ ನಂತರದ್ದನ್ನು ಅರ್ಥ ಮಾಡಿಕೊಳ್ಳಲಾಗದು.

ಈ ಹಂಚಿಕೆಯನ್ನು ತಿರುಗಿಸಿ ಹಾಕಬೇಕೆಂದು ಸ್ಪಷ್ಟವಾಗಿ ಬರೆದುಕೊಟ್ಟವರು ಬಾಬಾಸಾಹೇಬರು. ಅಂಬೇಡ್ಕರರನ್ನು ಸಂವಿಧಾನದ ಪುಸ್ತಕ ಹಿಡಿದ ಪ್ರತಿಮೆಯಾಗಿ ನಿಲ್ಲಿಸಿ ಹೂಮಾಲೆ ಹಾಕುವವರು ಅವರ ಆರ್ಥಿಕ ವಿಚಾರವನ್ನು ಮುಟ್ಟುವುದಿಲ್ಲ. 1942ರಿಂದ 46ರವರೆಗೆ ಅವರು ವೈಸರಾಯರ ಕಾರ್ಯಕಾರಿ ಮಂಡಳದಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ನದಿನೀರು, ವಿದ್ಯುತ್ತು ಇವುಗಳನ್ನು ಇಡೀ ದೇಶದ ಮಟ್ಟದಲ್ಲಿ ಯೋಜಿಸುವ ಕೇಂದ್ರ ಸಂಸ್ಥೆಗಳು ಹುಟ್ಟಿದ್ದು ಆ ಕಾಲದಲ್ಲಿ, ಅವರ ಇಲಾಖೆಯಲ್ಲಿ. 1947ರಲ್ಲಿ ಸಂವಿಧಾನ ಸಭೆಯ ಮುಂದಿಡಲು ಬರೆದ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಎಂಬ ಮನವಿಯಲ್ಲಿ ಅವರು ಇನ್ನೂ ಮುಂದೆ ಹೋದರು. ಮುಖ್ಯ ಕೈಗಾರಿಕೆಗಳು ಸರಕಾರದ ಒಡೆತನದಲ್ಲಿರಬೇಕು. ವಿಮೆ ಸರಕಾರದ ಕೈಯಲ್ಲೇ ಇರಬೇಕು. ಕೃಷಿಯೂ ಸರಕಾರದ ಉದ್ದಿಮೆಯಾಗಬೇಕು. ಭೂಮಿಯನ್ನು ಜಾತಿಭೇದವಿಲ್ಲದೆ ಊರವರಿಗೆ ಸಾಗುವಳಿಗೆ ಕೊಡಬೇಕು. ಜಮೀನುದಾರನೂ ಇರಬಾರದು, ಗೇಣಿದಾರನೂ ಇರಬಾರದು, ಭೂಹೀನ ಕೂಲಿಯೂ ಇರಬಾರದು. ಇದನ್ನೆಲ್ಲ ಸಂವಿಧಾನದಲ್ಲೇ ಬರೆಯಬೇಕು, ಮುಂದೆ ಬರುವ ಬಹುಮತ ಅಳಿಸಿ ಹಾಕದ ಹಾಗೆ.

ಆಗಲಿಲ್ಲ. 1948 ಮತ್ತು 1956ರ ಕೈಗಾರಿಕಾ ನೀತಿಗಳಲ್ಲಿ ಸರಕಾರಿ ಕಾರಖಾನೆ ಬಂತು, 1956ರಲ್ಲಿ ಜೀವವಿಮೆಯ ರಾಷ್ಟ್ರೀಕರಣ ಬಂತು. ಭೂಮಿಯ ಮಾತು ಮಾತ್ರ ಅಲ್ಲೇ ಉಳಿಯಿತು. ಯಾಕೆಂದರೆ ಭೂಮಿ ಇದ್ದವರೇ ವಿಧಾನಸಭೆಯಲ್ಲಿ ಕೂತಿದ್ದರು. ಬಾಬಾಸಾಹೇಬರ ಯೋಜನೆಯಲ್ಲಿ ಉದ್ದಿಮೆ, ಭೂಮಿ ಎರಡೂ ಒಂದೇ ಬಂಡಿಯ ಎರಡು ಗಾಲಿ. ನಮ್ಮ ಆಳುವವರು ಒಂದು ಗಾಲಿ ತೆಗೆದಿಟ್ಟು ಬಂಡಿ ಹೂಡಿದರು. ಅದು ಎಲ್ಲಿ ಮುಗ್ಗರಿಸಿತು ಎಂಬುದನ್ನು ಕೃಷ್ಣೆಯ ದಂಡೆಯಲ್ಲಿ ನೋಡೋಣ. ಅದಕ್ಕೂ ಮೊದಲು ಬಸ್ಸಿನ ವಿಷಯ ಹೇಳಬೇಕು, ಯಾಕೆಂದರೆ ಸರಕಾರಿ ಉದ್ದಿಮೆ ನಮ್ಮವರಿಗೆ ಏನೂ ಮಾಡಲಿಲ್ಲ ಎಂದರೆ ಅದು ಸುಳ್ಳು.

ಮುಂಬಯಿ ಸರಕಾರವೂ ಮೈಸೂರು ಸರಕಾರವೂ 1948ರಲ್ಲಿ ಸಾರಿಗೆಯನ್ನು ಕೈಗೆ ತೆಗೆದುಕೊಳ್ಳತೊಡಗಿದವು. 1956ರ ನವೆಂಬರ್ 1ಕ್ಕೆ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಸರಕಾರದ ಸಾರಿಗೆ ಇಲಾಖೆ ಒಂದು ನಿಗಮವಾಯಿತು. 2000ದಲ್ಲಿ ಅದು ಒಡೆದು ಈಶಾನ್ಯ ಕರ್ನಾಟಕ ನಿಗಮವಾಯಿತು, ವಿಜಾಪುರ ಅದಕ್ಕೆ ಸೇರಿತು. 2021ರಿಂದ ಅದರ ಹೆಸರು ಕಲ್ಯಾಣ ಕರ್ನಾಟಕ. ಹೆಸರು ಏನೇ ಇರಲಿ, ಹಳ್ಳಿಯವರಿಗೆ ಅದು ಸರಕಾರದ ಬಸ್ಸು.

ಈ ಬಸ್ಸು ಮಾಡಿದ್ದೇನು? ಊರಲ್ಲಿ ಬಾವಿ ಬೇರೆ, ಹೋಟೆಲಿನಲ್ಲಿ ಕಪ್ಪು ಬೇರೆ, ಗುಡಿಯಂತೂ ದೂರವೇ. ಬಸ್ಸಿನ ಟಿಕೀಟಿನ ಮೇಲೆ ಜಾತಿ ಬರೆದಿರಲಿಲ್ಲ. ರೊಕ್ಕ ಕೊಟ್ಟವ ಸೀಟಿನ ಮೇಲೆ ಕೂತ. ಪಕ್ಕದಲ್ಲಿ ಕೂತ ಗೌಡ ಮುಖ ಸಿಂಡರಿಸಿರಬಹುದು, ಎದ್ದೇಳೋ ಅಂತಲೂ ಅಂದಿರಬಹುದು. ಆದರೆ ನಿಯಮ ಗೌಡನ ಕಡೆಗೆ ಇರಲಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಮೀಸಲಾತಿಯಿಂದ ನಮ್ಮ ಕೇರಿಗಳ ಹುಡುಗರು ಕಂಡಕ್ಟರಾದರು, ಡ್ರೈವರಾದರು, ಡಿಪೋದಲ್ಲಿ ಮೆಕ್ಯಾನಿಕ್ಕಾದರು. ಹೊಲದ ಯಜಮಾನನ ಮುಂದೆ ಕೈಕಟ್ಟಿ ನಿಂತವನ ಮಗ ಚರ್ಮದ ಚೀಲ ಹೆಗಲಿಗೆ ಹಾಕಿ ಅದೇ ಯಜಮಾನನಿಗೆ 'ಟಿಕೀಟು ತಗೋರಿ' ಅಂದ. ತಿಂಗಳಿಗೊಮ್ಮೆ ಪಗಾರ, ರಜೆ, ಸಂಘ. ಆ ಪಗಾರದಿಂದ ತಮ್ಮ ಕಾಲೇಜಿಗೆ ಹೋದ, ತಂಗಿ ಸಾಲಿ ಕಲಿತಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಡಿಪೋಗಳ ಸುತ್ತ ವಿಚಾರಿಸಿ ನೋಡಿ. ದಲಿತ ಕೇರಿಯಲ್ಲಿ ಮೊದಲ ಪದವೀಧರ ಯಾವ ಮನೆಯಲ್ಲಿ ಬಂದ, ಆ ಮನೆಯಲ್ಲಿ ಯಾರಿಗೆ ನೌಕರಿ ಇತ್ತು ಎಂದು ಕೇಳಿ.

ಬಸ್ಸಿನ ನಿಗಮ ಲುಕ್ಸಾನಿನಲ್ಲಿದೆ ಅನ್ನುತ್ತಾರೆ. ಇರಲಿಕ್ಕೇ ಬೇಕು! ಖಾಸಗಿಯವ ರೊಕ್ಕ ಬರುವ ರಸ್ತೆಯಲ್ಲಿ ಮಾತ್ರ ಗಾಡಿ ಬಿಡುತ್ತಾನೆ. ನಿಗಮ ಬೆಳಿಗ್ಗೆ ಒಂದು, ಸಂಜೆ ಒಂದು ಅಂತ ಹೊಲದ ದಾರಿಯ ಹಳ್ಳಿಗೂ ಹೋಗಬೇಕು. ಸಾಲೆಯ ಹುಡುಗರನ್ನು ಪಾಸಿನ ಮೇಲೆ ಒಯ್ಯಬೇಕು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಪುಕ್ಕಟೆ ಪ್ರಯಾಣ ಬಂತು. ಕೂಲಿ ಹೆಂಗಸು ದವಾಖಾನೆಗೆ, ಸಂತೆಗೆ, ಕೆಲಸ ಸಿಗುವ ಊರಿಗೆ ಗಂಡನ ಕೈ ನೋಡದೆ ಹೋದಳು. ಈ ಲಾಭವನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತೀರಿ? ಸರಕಾರ ಹೊರಿಸಿದ ಭಾರಕ್ಕೆ ಸರಕಾರವೇ ಪೂರ್ತಿ ರೊಕ್ಕ ಕಟ್ಟಲಿ. ಅದು ಬಿಟ್ಟು ಭಾರ ಹೊತ್ತ ಎತ್ತನ್ನೇ ಸೋಮಾರಿ ಅನ್ನುವುದು ಯಾವ ನ್ಯಾಯ?

ಇನ್ನು ಕೃಷ್ಣೆಯ ದಂಡೆಗೆ ಬರೋಣ. 1964ರಲ್ಲಿ ಬಾಗೇವಾಡಿ ತಾಲೂಕಿನ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಕೆಳಗೆ ನಾರಾಯಣಪುರದ ಅಣೆಕಟ್ಟು 1982ರಲ್ಲಿ ತಯಾರಾಯಿತು. ಆಲಮಟ್ಟಿ ಪೂರ್ತಿಯಾಗಲು 2005 ಬರಬೇಕಾಯಿತು. ಅಡಿಗಲ್ಲಿನಿಂದ ಮುಗಿಯುವ ತನಕ ನಲವತ್ತು ವರ್ಷ! ಈ ನಡುವೆ ಬಚಾವತ್ ಐತೀರ್ಪು ಬಂತು, ಸುಪ್ರೀಂ ಕೋರ್ಟಿನ ಖಟ್ಲೆ ನಡೆಯಿತು, 2000ದಲ್ಲಿ 519.6 ಮೀಟರ್ ಎತ್ತರಕ್ಕೆ ಒಪ್ಪಿಗೆ ಸಿಕ್ಕಿತು. ನಾರಾಯಣಪುರದ ಜಲಾಶಯಕ್ಕೆ ಬಸವಸಾಗರ ಎಂದು ಹೆಸರಿಟ್ಟರು. ಬಸವಣ್ಣ ಹುಟ್ಟಿದ ನೆಲ, ಹೆಸರು ಇಡುವುದು ಸುಲಭ. ದುಡಿದವನಿಗೆ ಪಾಲು ಕೊಡುವುದು ಕಷ್ಟ.

ನೀರಿನಡಿ ಮುಳುಗಿದ ಊರುಗಳು ನೂರಕ್ಕೂ ಹೆಚ್ಚು. ಮೊಸರಿಗೆ ಹೆಸರಾದ ಕೊಲ್ಹಾರ ಮುಳುಗಿತು, ಎದುರು ದಂಡೆಯ ಬಾಗಲಕೋಟೆಯ ಹಳೇ ಪೇಟೆ ಮುಳುಗಿತು, ಮುದ್ದೇಬಿಹಾಳದ ನದಿದಂಡೆಯ ಹಳ್ಳಿಗಳು ಎದ್ದು ಬಂದವು. ಆಗ ಜಾರಿಯಲ್ಲಿದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಬ್ರಿಟಿಷರು ಮಾಡಿದ್ದು, ಸ್ವತಂತ್ರ ಭಾರತ ಜೋಪಾನವಾಗಿ ಇಟ್ಟುಕೊಂಡಿದ್ದು. ಅದು ನೋಡುವುದು ಉತಾರವನ್ನು. ಉತಾರದಲ್ಲಿ ಹೆಸರಿದ್ದವ ಪರಿಹಾರಕ್ಕೆ ಅರ್ಹ. ನಿಜ, ಅವನಿಗೂ ಸಿಕ್ಕಿದ್ದು ಅಲ್ಪ, ಹೆಚ್ಚಿನದಕ್ಕೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಯಿತು. ಆದರೆ ಉತಾರವೇ ಇಲ್ಲದವನ ಗತಿ? ಅವನ ಆಸ್ತಿ ಅಂದರೆ ಆ ಹೊಲದ ಸುಗ್ಗಿಯ ಕೂಲಿ, ಹಳ್ಳದ ದಂಡೆಯ ಮೇವು, ನದಿಯ ಮೀನು, ಊರ ಕಣದ ಆಯ. ಮುಳುಗಿದ ಕೂಲಿಗೆ ಸರ್ವೆ ನಂಬರು ಇಲ್ಲ. ಬಹಳವಾದರೆ ಪುನರ್ವಸತಿ ಕೇಂದ್ರದಲ್ಲಿ ಒಂದು ಜಾಗ. ಮನೆ ಕಟ್ಟಬಹುದು, ಆದರೆ ಕೆಲಸಕ್ಕೆ ಕರೆಯುವ ಹೊಲ ಎಲ್ಲಿದೆ? ಭೂಮಿ ಇದ್ದವ ರೊಕ್ಕ ತಗೊಂಡು ಚದುರಿಹೋದ ಮೇಲೆ ಕೂಲಿಯವನಿಗೆ ಊರೇ ಇಲ್ಲದಂತಾಯಿತು. ಪುನರ್ವಸತಿಯ ಹಾಳು ಸ್ಥಿತಿ ಎಷ್ಟಿತ್ತೆಂದರೆ ಸಾಲ ಕೊಟ್ಟ ವಿಶ್ವಬ್ಯಾಂಕೇ 1990ರ ದಶಕದಲ್ಲಿ ಎರಡು ಸಲ ಹಣ ತಡೆಹಿಡಿಯಿತು. ಸಾಹುಕಾರನಿಗೇ ನಾಚಿಕೆಯಾಯಿತು ಅಂದರೆ ಉಳಿದದ್ದನ್ನು ನೀವೇ ಊಹಿಸಿ.

1994ರಲ್ಲಿ ಒಂದು ಹೊಸ ಬದಲಾವಣೆ ಆಯಿತು. ಅಲ್ಲಿಯತನಕ ಅಣೆಕಟ್ಟು ನೀರಾವರಿ ಇಲಾಖೆಯ ಕೆಲಸ. ಈಗ ಕಂಪನಿ ಕಾಯ್ದೆಯ ಕೆಳಗೆ ಕೃಷ್ಣಾ ಭಾಗ್ಯ ಜಲ ನಿಗಮ ಎಂಬ ಪೂರ್ತಿ ಸರಕಾರಿ ಒಡೆತನದ ಕಂಪನಿ ಹುಟ್ಟಿತು. ಯಾಕೆ? ಬೊಕ್ಕಸದಲ್ಲಿ ರೊಕ್ಕ ಇಲ್ಲ, ಮಾರುಕಟ್ಟೆಯಲ್ಲಿ ಬಾಂಡು ಮಾರಿ ಸಾಲ ಎತ್ತಬೇಕು. ಬಾಂಡು ಕೊಂಡವನಿಗೆ ರಾಜ್ಯ ಸರಕಾರ ಖಾತ್ರಿ ನಿಂತಿತು. ಈ ಸಾಲದಿಂದ ಕೆಲಸ ಓಡಿದ್ದು ಸುಳ್ಳಲ್ಲ. ನಲವತ್ತು ವರ್ಷ ತೆವಳಿದ ಯೋಜನೆ ಕೊನೆಯ ಹತ್ತು ವರ್ಷದಲ್ಲಿ ಎದ್ದು ನಿಂತಿತು. ಅಣೆಕಟ್ಟಿನ ಬುಡದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 290 ಮೆಗಾವಾಟಿನ ಮನೆಯೂ ಬಂತು. ಆದರೆ ಗೆಳೆಯರೇ, 1882ರ ಲಂಡನ್ನಿನ ಷೇರುದಾರನನ್ನು ಇಲ್ಲಿ ನೆನಪು ಮಾಡಿಕೊಳ್ಳಿ. ನೂರು ವರ್ಷ ಕಳೆದು, ಸ್ವಾತಂತ್ರ್ಯವೂ ಬಂದು, ಖಾತ್ರಿ ಮತ್ತೆ ಬಡ್ಡಿಗೇ ಸಿಕ್ಕಿತು. ಬಾಂಡಿನವನ ಬಡ್ಡಿಯ ತಾರೀಖು ಕಾಗದದಲ್ಲಿ ಮೊದಲೇ ಬರೆದಿತ್ತು. ಮುಳುಗಿದ ಊರಿನ ಕೂಲಿಯವನಿಗೆ ಕೆಲಸ ಸಿಗುವ ತಾರೀಖನ್ನು ಯಾರೂ ಬರೆಯಲಿಲ್ಲ.

ನೀರು ಬಂದದ್ದಾದರೂ ಯಾರಿಗೆ? ನಾರಾಯಣಪುರ ಎಡದಂಡೆ ಕಾಲುವೆಯಿಂದ ಇಂಡಿ ಶಾಖಾ ಕಾಲುವೆ ಹೊರಟಿತು. ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳು ಬಂದವು. ಕಾಲುವೆಯ ತಲೆಯಲ್ಲಿದ್ದವ ಕಬ್ಬು ಹಚ್ಚಿದ, ಬಾಲದಲ್ಲಿದ್ದ ಇಂಡಿಯ ರೈತ ನೀರಿಗಾಗಿ ರಸ್ತೆಗೆ ಇಳಿದ. ಇದು ಭೂಮಿ ಇದ್ದವರ ಒಳಗಿನ ಜಗಳ. ಭೂಮಿ ಇಲ್ಲದವನ ಪಾಲಿಗೆ ಕಾಲುವೆ ಅಂದರೆ ಬೇರೆಯವನ ಹೊಲದ ಎರಡನೇ ಪೀಕಿನ ಕೂಲಿ. ಅದು ಸಿಕ್ಕರೆ ಒಳ್ಳೆಯದೇ. ಸಿಗದಿದ್ದರೆ ಗಂಟುಮೂಟೆ ಕಟ್ಟಿ ಮಹಾರಾಷ್ಟ್ರಕ್ಕೆ, ಗೋವಾಕ್ಕೆ, ಬೆಂಗಳೂರಿಗೆ. ಸರಕಾರ ಕೋಟಿಗಟ್ಟಲೆ ಸುರಿದು ಹೊಲದ ಬೆಲೆ ಏರಿಸಿತು. ಏರಿದ ಬೆಲೆ ಹೊಲ ಇದ್ದವನ ಮನೆ ಸೇರಿತು. ಬಾಬಾಸಾಹೇಬರ ಬಂಡಿಯ ಎರಡನೇ ಗಾಲಿ ಇದೇ ಜಾಗದಲ್ಲಿ ಬೇಕಾಗಿತ್ತು.

ಕೊನೆಯದು ಕೂಡಗಿ. ಹಳೆಯ ಬಾಗೇವಾಡಿ ತಾಲೂಕಿನ ಈ ಊರಿನ ಹತ್ತಿರ ಕೇಂದ್ರ ಸರಕಾರದ ಎನ್‌ಟಿಪಿಸಿ 800 ಮೆಗಾವಾಟಿನ ಮೂರು ಘಟಕ, ಅಂದರೆ 2400 ಮೆಗಾವಾಟಿನ ಸ್ಥಾವರ ಕಟ್ಟಿತು. ಕಲ್ಲಿದ್ದಲು ಹೊರರಾಜ್ಯದಿಂದ, ನೀರು ಆಲಮಟ್ಟಿಯಿಂದ. ಹೊಗೆಗೆ, ಬೂದಿಗೆ ಹೊಲ ಹಾಳಾಗುತ್ತವೆ, ನೀರು ಕೆಡುತ್ತದೆ ಎಂದು ಸುತ್ತಿನ ಹಳ್ಳಿಗಳವರು ವಿರೋಧಿಸಿದರು. 2014ರ ಜುಲೈಯಲ್ಲಿ ಚಳವಳಿಗಾರರ ಮೇಲೆ ಪೋಲೀಸರು ಗುಂಡು ಹಾರಿಸಿದರು, ಜನ ಗಾಯಗೊಂಡರು. ಘಟಕಗಳು 2017 ಮತ್ತು 18ರಲ್ಲಿ ಒಂದೊಂದಾಗಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಕೂಲಿಯವನನ್ನೂ ಬಾಧಿತ ಕುಟುಂಬ ಎಂದು ಒಪ್ಪಿಕೊಂಡ ಹೊಸ ಭೂಸ್ವಾಧೀನ ಕಾಯ್ದೆ ಜಾರಿಗೆ ಬಂದದ್ದು 2014ರ ಜನವರಿ 1ಕ್ಕೆ. ಅಷ್ಟರಲ್ಲಿ ಕೂಡಗಿಯ ಭೂಮಿ ಕೈಬಿಟ್ಟುಹೋಗಿತ್ತು.

ಇಲ್ಲಿಯೂ ಒಂದು ಖಾತ್ರಿ ಇದೆ. ಇಂಥ ಸ್ಥಾವರದ ಜೊತೆ ವಿದ್ಯುತ್ ಕಂಪನಿಗಳು ಮಾಡಿಕೊಳ್ಳುವ ಒಪ್ಪಂದದಲ್ಲಿ ದರಕ್ಕೆ ಎರಡು ಭಾಗ. ಒಂದು ಸುಟ್ಟ ಕಲ್ಲಿದ್ದಲಿಗೆ, ಇನ್ನೊಂದು ನಿಗದಿತ ಶುಲ್ಕ. ವಿದ್ಯುತ್ತು ತಗೊಳ್ಳಿ ಬಿಡಿ, ಸ್ಥಾವರ ಸಜ್ಜಾಗಿದ್ದರೆ ನಿಗದಿತ ಶುಲ್ಕ ಕಟ್ಟಲೇಬೇಕು. ಹಾಕಿದ ಬಂಡವಾಳಕ್ಕೆ ಪ್ರತಿಫಲ ಅದರಲ್ಲೇ ಸೇರಿದೆ. 1975ರಲ್ಲಿ ಹುಟ್ಟಿದ ಎನ್‌ಟಿಪಿಸಿ 2004ರಿಂದ ಷೇರುಪೇಟೆಯಲ್ಲೂ ಇದೆ. ಆದ್ದರಿಂದ ಆ ಪ್ರತಿಫಲದಲ್ಲಿ ಖಾಸಗಿ ಷೇರುದಾರನಿಗೂ ಪಾಲಿದೆ. ಸ್ಥಾವರ ಸುಮ್ಮನಿದ್ದರೂ ಬಂಡವಾಳಕ್ಕೆ ಪಗಾರ ಉಂಟು. ಗುತ್ತಿಗೆ ಕೂಲಿ ಸುಮ್ಮನಿದ್ದರೆ ಅವತ್ತಿನ ಒಲೆ ಹೊತ್ತುವುದಿಲ್ಲ.

ಹಾಗಾದರೆ ಮಾರಿಬಿಡೋಣವೇ? ಖಾಸಗಿಯವನಿಗೆ ಕೊಟ್ಟರೆ ನ್ಯಾಯ ಸಿಗುತ್ತದೆಯೇ? ಇಲ್ಲಿ ನಮ್ಮ ಜನ ಎಚ್ಚರ ತಪ್ಪಬಾರದು. 1975ರಲ್ಲಿ ಸುಪ್ರೀಂ ಕೋರ್ಟು ಜೀವವಿಮಾ ನಿಗಮದಂಥ ಶಾಸನಬದ್ಧ ನಿಗಮಗಳೂ ಸಂವಿಧಾನದ 12ನೇ ವಿಧಿಯ ಪ್ರಕಾರ 'ಪ್ರಭುತ್ವ'ವೇ ಎಂದು ಹೇಳಿತು. ಇದರ ಅರ್ಥ ಏನು? ಸಮಾನತೆಯ ಹಕ್ಕು, ಮೀಸಲಾತಿ ಎಲ್ಲವೂ ಆ ನಿಗಮದ ಬಾಗಿಲನ್ನು ತಟ್ಟಬಹುದು. ಖಾಸಗಿ ಕಂಪನಿಯ ಬಾಗಿಲಿಗೆ ಆ ಕೈ ಮುಟ್ಟುವುದಿಲ್ಲ. 2001ರಲ್ಲಿ ಬಾಲ್ಕೋ ಕಂಪನಿಯ 51 ಶೇಕಡಾ ಪಾಲನ್ನು ಮಾರಿದಾಗ ಕಾರ್ಮಿಕರು ಕೋರ್ಟಿಗೆ ಹೋದರು. ಮಾರುವುದು ಸರಕಾರದ ಆರ್ಥಿಕ ನೀತಿ ಎಂದು ಕೋರ್ಟು ಕೈ ಬಿಟ್ಟಿತು. ಒಂದು ಸರಕಾರಿ ಉದ್ದಿಮೆ ಮಾರಾಟವಾಯಿತೆಂದರೆ ನಾಳೆ ಅಲ್ಲಿ ನೌಕರಿಗೆ ಸೇರಬೇಕಾದ ನಮ್ಮ ಹುಡುಗನ ಹಕ್ಕೂ ಮಾರಾಟವಾಯಿತು.

ಆದರೆ ಮಾರದೆಯೂ ಹಕ್ಕನ್ನು ಖಾಲಿ ಮಾಡಬಹುದು. ಅದು ಗುತ್ತಿಗೆ ಪದ್ಧತಿ. ಕಾಯಂ ಹುದ್ದೆಗೆ ಮೀಸಲಾತಿ ಉಂಟು. ಹುದ್ದೆಯನ್ನೇ ತುಂಬದಿದ್ದರೆ? ಕಸ ಗುಡಿಸುವ, ಬೂದಿ ಎತ್ತುವ, ಕಾವಲು ಕಾಯುವ, ಗೇಟು ತಿರುವುವ ಕೆಲಸವನ್ನೆಲ್ಲ ಗುತ್ತಿಗೆದಾರನ ಕೈಗೆ ಕೊಟ್ಟರೆ? 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಈ ಪದ್ಧತಿಯನ್ನು ರದ್ದು ಮಾಡಲು ದಾರಿ ತೋರಿಸಿತ್ತು. ಆದರೆ ಪದ್ಧತಿ ರದ್ದಾದರೂ ಕಾರ್ಮಿಕ ತಾನಾಗಿ ಕಂಪನಿಯ ನೌಕರನಾಗುವುದಿಲ್ಲ ಎಂದು 2001ರಲ್ಲಿ ಉಕ್ಕು ಪ್ರಾಧಿಕಾರದ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಬೋರ್ಡಿನ ಮೇಲೆ ಸರಕಾರದ ಹೆಸರು, ಒಳಗೆ ಗುತ್ತಿಗೆದಾರನ ರಾಜ್ಯ! ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕೆಂದು ಕರ್ನಾಟಕ ಸರಕಾರ 2024ರಲ್ಲಿ ಆದೇಶ ಮಾಡಿತು. ಆದೇಶ ಒಳ್ಳೆಯದು. ಅದನ್ನು ಪ್ರತಿ ಡಿಪೋದಲ್ಲಿ, ಪ್ರತಿ ನಿಗಮದ ಕಚೇರಿಯಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಲೆಕ್ಕ ಕೇಳುವವರು ಬೇಕು.

ಈ ಚರಿತ್ರೆ ಮುಗಿದದ್ದಲ್ಲ. ಆಲಮಟ್ಟಿಯನ್ನು 524.256 ಮೀಟರಿಗೆ ಎತ್ತರಿಸಲು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಮುಳುಗುವ ಭೂಮಿ ಸುಮಾರು 75 ಸಾವಿರ ಎಕರೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಮಂತ್ರಿಮಂಡಳ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ತೀರ್ಮಾನ ಮಾಡಿತು. ರೈತರು ಹೋರಾಡಿ ಪಡೆದ ದರ ಇದು, ಅವರಿಗೆ ಸಿಗಲಿ. ಆದರೆ ಅಳತೆಗೋಲು ಮತ್ತೆ ಎಕರೆ. ಎಕರೆ ಇಲ್ಲದವನನ್ನು ಯಾವ ಕೋಲಿನಿಂದ ಅಳೆಯುತ್ತೀರಿ?

ಆದ್ದರಿಂದ ಈಗಲೇ ಮಾಡಬೇಕಾದ ಕೆಲಸವಿದೆ. ಮುಳುಗುವ ಊರುಗಳಲ್ಲಿ ಉತಾರದ ಪಟ್ಟಿ ಸರಕಾರ ಮಾಡುತ್ತದೆ, ಅದಕ್ಕೆ ತಲಾಟಿ ಇದ್ದಾನೆ. ಉತಾರ ಇಲ್ಲದವರ ಪಟ್ಟಿಯನ್ನು ನಾವು ಮಾಡಬೇಕು. ಯಾರು ಯಾರ ಹೊಲದಲ್ಲಿ ವರ್ಷಕ್ಕೆ ಎಷ್ಟು ದಿನ ದುಡಿದರು, ಎಷ್ಟು ಕುರಿ ಯಾವ ಗಾಯರಾಣದಲ್ಲಿ ಮೇಯ್ದವು, ಯಾರ ಬಲೆ ನದಿಗೆ ಬಿತ್ತು, ಎಲ್ಲವನ್ನೂ ಮನೆಮನೆಗೆ ಹೋಗಿ ಬರೆಯಬೇಕು. ಗ್ರಾಮಸಭೆಯಲ್ಲಿ ಓದಿಸಿ ಠರಾವು ಮಾಡಿಸಬೇಕು. ಹಳ್ಳಿಯ ಮಾಸ್ತರರು, ಕಾಲೇಜಿನ ಹುಡುಗ ಹುಡುಗಿಯರು ಮನಸ್ಸು ಮಾಡಿದರೆ ಇದು ಒಂದು ಬೇಸಿಗೆ ರಜೆಯ ಕೆಲಸ. 2013ರ ಕಾಯ್ದೆ ಕೂಲಿಯವನನ್ನು ಗುರುತಿಸುತ್ತದೆ, ಆದರೆ ಕಾಗದ ಇಲ್ಲದವನನ್ನು ಕಚೇರಿ ಗುರುತಿಸುವುದಿಲ್ಲ.

ಬಾಂಡು ಕೊಂಡವನ ಹೆಸರು ನಿಗಮದ ಪುಸ್ತಕದಲ್ಲಿತ್ತು. ನಮ್ಮ ಜನರ ಹೆಸರೂ ಆ ಪುಸ್ತಕದಲ್ಲಿ ಏರಬೇಕು. ಪಾಟಿ, ಪೆನ್ಸಿಲು ಹಿಡಿದು ಹೊರಡಿ.